ಅಜ್ಜಿಯ ಸಂಚಿಯ ದುಡ್ಡು ಈಗ ಯಾರ ಕೈಲಿದೆ?

"ಕವಡೆ ಕಾಸಿನ ಕಿಮ್ಮತ್ತಿಲ್ಲ" ಎಂದು ನಾವು ಈಗಲೂ ಬೈಯುತ್ತೇವೆ. ಆದರೆ ಕವಡೆ ಒಂದು ಕಾಲಕ್ಕೆ ನಿಜವಾದ ದುಡ್ಡೇ ಆಗಿತ್ತು. ಮಾಲ್ಡೀವ್ಸ್ ದ್ವೀಪಗಳಿಂದ ಹಡಗಿನಲ್ಲಿ ಬಂಗಾಳಕ್ಕೂ ಆಫ್ರಿಕಾಕ್ಕೂ ಹೋಗುತ್ತಿತ್ತು. ಇಂಥ ಹಳೆಯ ನಾಣ್ಯಗಳು ನಮ್ಮ ಮಾತಿನಲ್ಲಿ ಇನ್ನೂ ಚಲಾವಣೆಯಲ್ಲಿವೆ. 'ಹಣ' ಎಂದರೆ ಅರ್ಧ ಗ್ರಾಂ ಕೂಡ ತೂಗದ ಪುಟ್ಟ ಚಿನ್ನದ ನಾಣ್ಯ. 'ದುಡ್ಡು' ಎಂದರೆ ತಾಮ್ರದ ನಾಣ್ಯ. ನಾಣ್ಯ ಹೋಯಿತು, ಹೆಸರು ಉಳಿಯಿತು.

ಹಳ್ಳಿಯಲ್ಲಿ ನಾಣ್ಯವೇ ಬೇಡದ ಲೆಕ್ಕವೂ ಇತ್ತು. ಅದು ಆಯ. ಬಡಗಿ, ಕಮ್ಮಾರ, ಕ್ಷೌರದವರು, ಬಟ್ಟೆ ಒಗೆಯುವವರು ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಗಿಯನ್ನೋ ಭತ್ತವನ್ನೋ ಅಳೆಸಿಕೊಂಡು ಹೋಗುತ್ತಿದ್ದರು. ಕೇಳಲು ಚೆಂದ. ಆದರೆ ಸೇರು ಯಾರ ಕೈಯಲ್ಲಿತ್ತೋ ಅವರದ್ದೇ ಮಾತು. ಮಳೆ ಕೈಕೊಟ್ಟ ವರ್ಷ ದುಡಿದವರ ಕೂಲಿಯೂ ಒಣಗುತ್ತಿತ್ತು.

ಹಾಗಾಗಿ ಹಣದ ರೂಪ ಬದಲಾಯಿತು ಎಂದಾಗೆಲ್ಲ ನನಗೆ ಬರುವ ಪ್ರಶ್ನೆ ಒಂದೇ: ಅಳತೆ ಯಾರ ಕೈಗೆ ಹೋಯಿತು?

1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ ಇತ್ತು. ಅಂದಿನಿಂದ 100 ಹೊಸ ಪೈಸೆ ಆಯಿತು. ನಾಲ್ಕಾಣೆಗೆ 25, ಎಂಟಾಣೆಗೆ 50, ಲೆಕ್ಕ ಸರಿಹೋಯಿತು. ಒಂದಾಣೆಗೆ ಮಾತ್ರ ಆರೂಕಾಲು ಪೈಸೆ ಬರಬೇಕು. ಕಾಲು ಪೈಸೆ ಎಲ್ಲಿಂದ ತರುವುದು? ಪಟ್ಟಿಯಲ್ಲಿ 6 ಎಂದು ಬರೆದರು. ಹದಿನಾರಾಣೆ ಒಟ್ಟಿಗೆ ಕೊಟ್ಟವರಿಗೆ 100 ಪೈಸೆ. ಒಂದೊಂದೇ ಆಣೆ ಹಿಡಿದು ಹದಿನಾರು ಸಲ ಹೋದವರಿಗೆ 96. ನಾಲ್ಕು ಪೈಸೆ ದೊಡ್ಡ ಮೊತ್ತವಲ್ಲ. ಆದರೆ ಅದು ಹೋದದ್ದು ಚಿಲ್ಲರೆಯಲ್ಲೇ ಬದುಕುವವರ ಕೈಯಿಂದ.

ನಮ್ಮಜ್ಜಿಗೆ ಓದು ಬರದು. ನೋಟಿನ ಬಣ್ಣ, ಅಳತೆ ನೋಡಿಯೇ ಗುರುತು ಹಿಡಿಯುತ್ತಾಳೆ. ಕೂಲಿಯ ದುಡ್ಡು ಎಲೆಅಡಿಕೆ ಸಂಚಿಗೆ, ಮಿಕ್ಕದ್ದು ಸಾಸಿವೆ ಡಬ್ಬಿಗೆ. ಎಷ್ಟಿದೆ ಎಂದು ತಾತನಿಗೂ ಗೊತ್ತಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದ ಮೇಲೆ ಡಬ್ಬಿಯಲ್ಲಿದ್ದ ನಾಲ್ಕು ಐನೂರರ ನೋಟುಗಳನ್ನು ಎಲ್ಲರೆದುರು ತೆಗೆದಿಟ್ಟಳು. ದುಡ್ಡೇನೋ ಬ್ಯಾಂಕಿಗೆ ಹೋಯಿತು, ಒಂದು ಪೈಸೆಯೂ ಕಳೆಯಲಿಲ್ಲ. ಕಳೆದದ್ದು ಗುಟ್ಟು. "ಕಷ್ಟಕ್ಕೆ ಅಂತ ಇಟ್ಕೊಂಡಿದ್ದೆ" ಎಂದಳು, ತಪ್ಪು ಮಾಡಿದವಳ ಹಾಗೆ.

ಈಗ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಅಜ್ಜಿಯ ಖಾತೆಗೇ ಬರುತ್ತದೆ. ಖಾತೆ ಅವಳ ಹೆಸರಲ್ಲಿದೆ, ಫೋನ್ ನಂಬರ್ ಚಿಕ್ಕಪ್ಪನದು. ಮೆಸೇಜು ಅವನಿಗೆ, ಒಟಿಪಿ ಅವನಿಗೆ. "ಬಂತೇನೋ ಮಗ?" ಎಂದು ಅಜ್ಜಿ ಕೇಳುತ್ತಾಳೆ. ಅವನು "ಇನ್ನೂ ಇಲ್ಲಮ್ಮ" ಎಂದರೆ ಇಲ್ಲ. ಚಿಕ್ಕಪ್ಪ ಕೆಟ್ಟವನಲ್ಲ. ಆದರೆ ತನ್ನ ದುಡ್ಡಿನ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾದ ಸ್ಥಿತಿ ಸಂಚಿಯ ಕಾಲದಲ್ಲಿ ಅವಳಿಗಿರಲಿಲ್ಲ.

ಫೋನ್ ದುಡ್ಡು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರಿಗೆ ಚಿಲ್ಲರೆ ಜಗಳ ತಪ್ಪಿದೆ. ಬೆಂಗಳೂರಲ್ಲಿ ದುಡಿಯುವ ಮಗಳು ಕಳಿಸಿದ ದುಡ್ಡು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಊರು ಸೇರುತ್ತದೆ. ಆದರೆ ದುಡ್ಡಿನ ರೂಪ ಬದಲಾದಾಗ ಅದರ ಯಜಮಾನರು ಬದಲಾಗಬಾರದು.

ನಿಮ್ಮ ಮನೆಯಲ್ಲೂ ಹೀಗಿದ್ದರೆ ಎರಡು ಕೆಲಸ ಮಾಡಬಹುದು. ಅಜ್ಜಿಗೆ ಸ್ಮಾರ್ಟ್‌ಫೋನ್ ಬೇಡ, ಬಟನ್ ಫೋನೇ ಸಾಕು. ಅವಳದೇ ಒಂದು ನಂಬರ್ ಮಾಡಿಸಿ, ಅದನ್ನೇ ಖಾತೆಗೆ ಜೋಡಿಸಿ. ತಿಂಗಳಿಗೊಮ್ಮೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಎಷ್ಟು ಬಂತು, ಎಷ್ಟು ಉಳಿಯಿತು ಎಂದು ಓದಿ ಹೇಳಿ. ಆ ದುಡ್ಡನ್ನು ಏನು ಮಾಡುತ್ತೀ ಎಂದು ಮಾತ್ರ ಕೇಳಬೇಡಿ.