ಊಟದ ಮೇಜಿನ ಶಾಲೆ

ಶಾಲೆಗೆ ಹೋಗದ ಮಕ್ಕಳು ಎಂದರೆ ನಮ್ಮಂಥ ಟೀಚರುಗಳ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ. ಜೂನ್ ತಿಂಗಳ ಮಳೆಯಲ್ಲಿ ಹಾಜರಿ ಪಟ್ಟಿ ಹಿಡಿದು ಮನೆಮನೆ ಅಲೆದು, "ಯಾಕಮ್ಮಾ, ಹುಡುಗಿಯನ್ನು ಕಳಿಸಲಿಲ್ಲ?" ಎಂದು ಕೇಳಿ, ತಾಯಿಯ ಪಕ್ಕ ಬೀಡಿ ಸುತ್ತುತ್ತಾ ಕೂತ ಮಗುವನ್ನು ಎಬ್ಬಿಸಿಕೊಂಡು ಬಂದ ದಿನಗಳು ನನಗೂ ಇವೆ. ಅಂಥವಳಿಗೆ ಅಮೆರಿಕದಲ್ಲಿರುವ ಮಗಳು ಫೋನ್ ಮಾಡಿ, "ಅಮ್ಮಾ, ಇಬ್ಬರನ್ನೂ ಇನ್ನು ಮನೆಯಲ್ಲೇ ಕಲಿಸುತ್ತೇನೆ" ಅಂದರೆ ಹೇಗಾಗಬೇಡ? 29 ವರ್ಷ ಪಾಠ ಹೇಳಿದವಳ ಮಗಳು ಶಾಲೆಯೇ ಬೇಡ ಅನ್ನುವುದೆಂದರೆ ದರ್ಜಿಯ ಮಗ ಅಂಗಿಯೇ ಬೇಡ ಅಂದ ಹಾಗೆ.

ಕಾರಣ ಇತ್ತು. ಮೊಮ್ಮಗನಿಗೆ ಮಾತು ತೊದಲುತ್ತದೆ. ಶಾಲೆಯ ಮೇಲೆ ಮಗಳಿಗೆ ದೂರೇನೂ ಇರಲಿಲ್ಲ. ಒಳ್ಳೆಯ ಶಾಲೆ, ಒಳ್ಳೆಯ ಟೀಚರ್. ಆದರೂ ಹುಡುಗ ದಿನ ಕಳೆದಂತೆ ಮಾತು ಕಡಿಮೆ ಮಾಡಿದ. ಒಂದು ದಿನ ಪೂರ್ತಿ ತುಟಿ ಬಿಚ್ಚದೆ ಮನೆಗೆ ಬಂದನಂತೆ. ಗಂಡನ ವೀಸಾದ ಬಾಲ ಹಿಡಿದು ಹೋದವಳಾದ್ದರಿಂದ ಮಗಳಿಗೆ ಅಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಪ್ರಾರ್ಥನೆ ಮಾಡಿ ನಿರ್ಧಾರಕ್ಕೆ ಬಂದೆವು ಅಂದಳು. ಪ್ರಾರ್ಥನೆಯ ಹೆಸರು ಹೇಳಿದ ಮೇಲೆ ತಾಯಿ ಏನು ವಾದ ಮಾಡಿಯಾಳು? ನಮ್ಮದು ಕರಾವಳಿಯ ಬಾಸೆಲ್ ಮಿಶನ್ ಸಭೆಯ ಮನೆತನ. ಪ್ರಾರ್ಥಿಸದೆ ಹಲಸಿನ ಹಣ್ಣನ್ನೂ ಕೊಯ್ಯದ ಮನೆಯಲ್ಲಿ ಬೆಳೆದವಳು ನಾನು.

2023ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿ, ಈಸ್ಟರಿಗೆ ಸರಿಯಾಗಿ ಪೆನ್ಸಿಲ್ವೇನಿಯಾ ತಲುಪಿದೆ. ಮಗಳಿದ್ದದ್ದು ಲ್ಯಾಂಕಾಸ್ಟರ್ ಕಡೆಯ ಒಂದು ಸಣ್ಣ ಊರು. ಹೊರಗೆ ಬಂದರೆ ರಸ್ತೆಯಲ್ಲಿ ಕಾರುಗಳ ಜೊತೆಗೆ ಆಮಿಶ್ ಜನರ ಕುದುರೆ ಗಾಡಿಗಳೂ ಟಕಟಕ ಹೋಗುತ್ತವೆ. ಅವರು ತಮ್ಮ ಮಕ್ಕಳನ್ನು ಒಂದೇ ಕೋಣೆಯ ಸ್ವಂತ ಶಾಲೆಗಳಲ್ಲಿ ಎಂಟನೆಯ ತರಗತಿಯವರೆಗೆ ಮಾತ್ರ ಓದಿಸುತ್ತಾರೆ. ಅದಕ್ಕಿಂತ ಹೆಚ್ಚು ಓದಿಸಲೇಬೇಕೆಂದು ಸರಕಾರ ಒತ್ತಾಯಿಸುವಂತಿಲ್ಲ ಎಂದು 1972ರಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತು. ಮನೆಯಲ್ಲೇ ಕಲಿಸುವ ಪದ್ಧತಿ ಅಲ್ಲಿ ಎಲ್ಲ 50 ರಾಜ್ಯಗಳಲ್ಲೂ ಕಾನೂನಿಗೆ ಒಪ್ಪಿತ. ಕೊರೊನಾ ಬಂದ 2020ರ ವಸಂತದಲ್ಲಿ ಶೇ. 5.4ರಷ್ಟು ಕುಟುಂಬಗಳು ಹೀಗೆ ಕಲಿಸುತ್ತಿದ್ದರೆ, ಅದೇ ವರ್ಷದ ಶರತ್ಕಾಲಕ್ಕೆ ಅದು ಶೇ. 11.1 ಆಯಿತೆಂದು ಅಲ್ಲಿನ ಜನಗಣತಿ ಇಲಾಖೆಯ ಲೆಕ್ಕ. ಧರ್ಮಶ್ರದ್ಧೆಗಾಗಿ ಮನೆಯಲ್ಲಿ ಕಲಿಸುವ ಕ್ರೈಸ್ತ ಕುಟುಂಬಗಳು ಅವರಲ್ಲಿ ಬಹಳ.

ಮನೆಯಲ್ಲಿ ಕಲಿಸುವುದೆಂದರೆ ಸ್ವೇಚ್ಛೆ ಎಂದುಕೊಳ್ಳಬೇಡಿ. ಪೆನ್ಸಿಲ್ವೇನಿಯಾದ 1988ರ ಕಾನೂನು ನಮ್ಮ ಬಿ.ಇ.ಓ. ಸಾಹೇಬರಿಗೂ ಮೆಚ್ಚುಗೆಯಾಗುವಂಥದ್ದು. ಪ್ರತಿವರ್ಷ ಆಗಸ್ಟ್ 1ರೊಳಗೆ ಪ್ರಮಾಣಪತ್ರ ಸಲ್ಲಿಸಬೇಕು. ವರ್ಷಕ್ಕೆ 180 ದಿನ, ಇಲ್ಲವೇ ಕಿರಿಯ ಮಕ್ಕಳಿಗೆ 900 ಗಂಟೆ ಪಾಠ ಆಗಲೇಬೇಕು. ಮಕ್ಕಳ ಬರೆಹ, ಓದಿದ ಪುಸ್ತಕಗಳ ಪಟ್ಟಿ ಎಲ್ಲ ಕಡತದಲ್ಲಿರಬೇಕು. ಮೂರು, ಐದು, ಎಂಟನೆಯ ತರಗತಿಗಳಲ್ಲಿ ಪರೀಕ್ಷೆ. ಅದನ್ನು ತಂದೆತಾಯಿ ನಡೆಸುವಂತಿಲ್ಲ. ವರ್ಷದ ಕೊನೆಗೆ ಅರ್ಹ ಮೌಲ್ಯಮಾಪಕರೊಬ್ಬರು ಮಗುವನ್ನು ಮಾತಾಡಿಸಿ ಕಡತ ನೋಡಬೇಕು. ಬೆಂಕಿ ಅನಾಹುತ ತಡೆಯುವ ಪಾಠವೂ ಕಡ್ಡಾಯ. ಆ ಪಾಠದ ದಿನ ಮೊಮ್ಮಗಳು ಪಾತ್ರೆ ಬಡಿದು "ಬೆಂಕಿ! ಬೆಂಕಿ!" ಎಂದು ಕೂಗಿದಾಗ ನಾನೂ ನೈಟಿಯಲ್ಲೇ ಓಡಿಹೋಗಿ ಮೇಪಲ್ ಮರದ ಕೆಳಗೆ ಸಾಲಿನಲ್ಲಿ ನಿಲ್ಲಬೇಕಾಯಿತು. ನನ್ನ ಹಾಜರಿಯನ್ನೂ ಅವಳು ಹಾಕಿಕೊಂಡಳು!

ಶಾಲೆ ಎಂದರೆ ಊಟದ ಮೇಜು. ಬೆಳಿಗ್ಗೆ ದೋಸೆಯ ಕಾವಲಿ ಇಳಿಸಿ, ಮೇಜು ಒರೆಸಿ, ಸತ್ಯವೇದ ಬಿಚ್ಚಿದರೆ ಗಂಟೆ ಹೊಡೆದ ಹಾಗೆ. ಒಂದು ಅಧ್ಯಾಯ, ಒಂದು ಕೀರ್ತನೆ, ಆಮೇಲೆ ಲೆಕ್ಕ. ಒಂಬತ್ತರ ಅಣ್ಣ ಭಾಗಾಕಾರದಲ್ಲಿ ಸಿಕ್ಕಿಕೊಂಡಿದ್ದರೆ ಆರರ ತಂಗಿ ಮೇಜಿನ ಕೆಳಗೆ ಕೂತು ಅಕ್ಷರ ಕೂಡಿಸುತ್ತಾಳೆ. ವಾರಕ್ಕೊಮ್ಮೆ ಸಭೆಯ ಹಾಲ್‌ನಲ್ಲಿ ಇಂಥ ಹತ್ತಾರು ಮನೆಗಳ ಮಕ್ಕಳು ಸೇರುತ್ತಾರೆ. ವಿಜ್ಞಾನ ಬಲ್ಲ ತಾಯಿ ವಿಜ್ಞಾನ ಕಲಿಸಿದರೆ ಹಾಡು ಬಲ್ಲವಳು ಹಾಡು. ಮಧ್ಯಾಹ್ನ ನನ್ನ ಪಾಲಿಗೆ ಕನ್ನಡ. ನಲವತ್ತೈದು ಮಕ್ಕಳ ತರಗತಿಯಲ್ಲಿ ಗಂಟಲು ಹರಿದುಕೊಂಡವಳಿಗೆ ಎರಡೇ ಮಕ್ಕಳ ಮುಂದೆ ಕೂತರೆ ಗಂಟಲಿಗೂ ಬಿಡುವು, ಕಣ್ಣಿಗೂ ಬಿಡುವು. ಮೊಮ್ಮಗ ಒಂದು ಪದಕ್ಕೆ ತಡವರಿಸಿದಾಗ ಮಗಳು ಕೈ ಕಟ್ಟಿಕೊಂಡು ಕಾಯುತ್ತಿದ್ದಳು. ಬಾಯಿಗೆ ಬಂದ ಪದವನ್ನು ತಾನು ತುಂಬಿಸುತ್ತಿರಲಿಲ್ಲ. ನಮ್ಮ 40 ನಿಮಿಷದ ಪೀರಿಯಡ್ಡಿನಲ್ಲಿ ಅಷ್ಟು ಕಾಯುವುದು ಎಲ್ಲಿ ಸಾಧ್ಯ, ಹೇಳಿ.

ಎಲ್ಲವೂ ಸುಸೂತ್ರ ಎಂದಲ್ಲ. ಹನ್ನೊಂದು ಗಂಟೆಗೆ ಒಬ್ಬ ಪುಸ್ತಕ ಎಸೆಯುತ್ತಾನೆ, ಇನ್ನೊಬ್ಬಳು ಹಾಲು ಚೆಲ್ಲುತ್ತಾಳೆ, ಕುಕ್ಕರ್ ಕೂಗುತ್ತದೆ. ತಾಯಿಯೇ ಟೀಚರಾದರೆ ತಾಯಿಗೆ ಸಂಜೆಯ ಗಂಟೆ ಹೊಡೆಯುವುದೇ ಇಲ್ಲ. ಒಂದು ರಾತ್ರಿ ಪಾತ್ರೆ ತೊಳೆಯುವ ಸಿಂಕಿನ ಮುಂದೆ ಮಗಳು ಸದ್ದಿಲ್ಲದೆ ಅಳುತ್ತಿದ್ದಳು. ನಾನು ಏನೂ ಕೇಳದೆ ಬಟ್ಟೆ ಹಿಡಿದು ಪಾತ್ರೆ ಒರೆಸುತ್ತಾ ನಿಂತೆ. ಕೊನೆಯ ತಟ್ಟೆ ಇಟ್ಟ ಮೇಲೆ, "ದೇವರು ನಾಳೆ ಬೆಳಿಗ್ಗೆ ಹೊಸ ತಾಳ್ಮೆ ಕೊಡುತ್ತಾನೆ ಅಮ್ಮಾ. ಇವತ್ತಿನದ್ದು ಖರ್ಚಾಯಿತು" ಅಂದು ನಕ್ಕಳು.

ಅವರ ಮನೆಯಲ್ಲಿ ಒಂದು ಖಾಲಿ ಉಪ್ಪಿನಕಾಯಿ ಬಾಟಲಿ ಇತ್ತು. ಸಂಜೆಯ ಪ್ರಾರ್ಥನೆಗೆ ಮೊದಲು ಪ್ರತಿಯೊಬ್ಬರೂ ಆ ದಿನದ ಒಂದು ಸ್ತೋತ್ರವನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬೇಕು. ದೊಡ್ಡ ದೊಡ್ಡ ಸಂಗತಿಗಳು ಬೇಡ, ಆ ದಿನದ್ದೇ ಬೇಕು ಎಂಬುದು ನಿಯಮ. ನಮ್ಮ ಸಭೆಯ ಬೆಳೆಹಬ್ಬದಲ್ಲಿ ತೆಂಗಿನಕಾಯಿ, ಬೂದುಗುಂಬಳ, ಬಾಳೆಗೊನೆ ತಂದು ದೇವರ ಮುಂದಿಟ್ಟು ಆಮೇಲೆ ಏಲಂ ಕೂಗುತ್ತೇವಲ್ಲ, ಇದು ದಿನದಿನದ ಬೆಳೆಹಬ್ಬ ಎಂದು ನನಗನಿಸಿತು.

ಆ ಬಾಟಲಿಗೆ ಪರೀಕ್ಷೆ ಬಂದದ್ದು ಏಪ್ರಿಲ್ 20ರ ಗುರುವಾರ. ಅಳಿಯ ಮಧ್ಯಾಹ್ನವೇ ಮನೆಗೆ ಬಂದರು. ಕೆಲಸ ಹೋಗಿತ್ತು. ಆ ವರ್ಷ ಕಂಪ್ಯೂಟರ್ ಕಂಪನಿಗಳಲ್ಲಿ ಎಷ್ಟೋ ಸಾವಿರ ಜನರಿಗೆ ಆದದ್ದೇ ಇವರಿಗೂ ಆಯಿತು. ಅವರ ಬಗೆಯ ವೀಸಾಕ್ಕೆ ಕೆಲಸ ಹೋದರೆ ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಸಾಲದ ಕಾರು, ವರ್ಷದ ಕರಾರಿನ ಬಾಡಿಗೆ ಮನೆ, ಎರಡು ಮಕ್ಕಳು, ನಡುವೆ ಅತಿಥಿಯಾಗಿ ನಾನೊಬ್ಬಳು.

ಆ ಸಂಜೆ ಚೀಟಿ ಬರೆಯುವ ಹೊತ್ತಿಗೆ ದೊಡ್ಡವರ ಕೈ ಯಾರದ್ದೂ ಓಡಲಿಲ್ಲ. ಮೊಮ್ಮಗಳು ಮಾತ್ರ ಸರಸರ ಬರೆದು ಮಡಚಿ ಹಾಕಿದಳು. ಅಪ್ಪ ತೆಗೆದು ಓದಿದರು: "ಇವತ್ತು ಅಪ್ಪ ಬೇಗ ಮನೆಗೆ ಬಂದರು. ಸ್ತೋತ್ರ." ಅಳಿಯ ಆ ಚೀಟಿಯನ್ನು ತುಂಬ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಪೆನ್ನು ತೆಗೆದುಕೊಂಡು ತಾವೂ ಬರೆದರು. ಏನು ಬರೆದರೆಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮಾಮೂಲಿನಂತೆ ಮೇಜು ಒರೆಸಿದರು, ಸತ್ಯವೇದ ಬಿಚ್ಚಿದರು. ಆ ವಾರ ಅರಣ್ಯದಲ್ಲಿ ಇಸ್ರಾಯೇಲರಿಗೆ ಮನ್ನ ಸಿಕ್ಕಿದ ಭಾಗ. ಆ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕು, ಮರುದಿನಕ್ಕೆಂದು ಬಚ್ಚಿಟ್ಟರೆ ಹುಳ ಬೀಳುತ್ತದೆ. ಸಂಡೇ ಸ್ಕೂಲಿನಲ್ಲಿ ಆ ಕತೆಯನ್ನು ನಾನೇ ಎಷ್ಟು ಸಲ ಹೇಳಿದ್ದೇನೋ. ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವವಳಿಗೆ ಅದು ಬರೀ ಕತೆ. ಅಲ್ಲಿ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅಳಿಯ ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತಿದ್ದರು. ಈ ತುದಿಯಲ್ಲಿ ಮಕ್ಕಳು ಮನ್ನದ ಚಿತ್ರ ಬರೆಯುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಲೆಕ್ಕ ನಡೆಯಿತು: 180ರ ಕಡೆಗೆ ಏರುವ ಪಾಠದ ದಿನಗಳು, 60ರಿಂದ ಇಳಿಯುವ ವೀಸಾದ ದಿನಗಳು. ಮೊಮ್ಮಗ ಭೂಪಟ ತಂದು, "ಅಜ್ಜಿ, ಉ-ಉಡುಪಿಗೆ ಹೋದರೆ ನ-ನಮಗೆ ಶಾಲೆ ಇದೆಯಾ?" ಎಂದ. "ಇದೆ ಮಗಾ, ಅಲ್ಲಿ ಅಜ್ಜಿಯೇ ಟೀಚರ್" ಅಂದೆ. "ಹಾ-ಹಾಗಾದರೆ ಹೋಂವರ್ಕ್ ಜಾಸ್ತಿ" ಎಂದು ಮುಖ ಸಿಂಡರಿಸಿದ. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು.

ಮೇ ಕೊನೆಯ ವಾರ ಮೌಲ್ಯಮಾಪಕಿ ಬಂದರು. ನಿವೃತ್ತ ಶಿಕ್ಷಕಿ; ಕನ್ನಡಕವನ್ನು ಹಣೆಗೇರಿಸಿ ಕಡತ ತಿರುವಿದ ರೀತಿಯಲ್ಲೇ ನಮ್ಮ ಜಾತಿಯವರು ಎಂದು ಗೊತ್ತಾಯಿತು. ಅವರು ಕೇಳಿದ್ದಕ್ಕೆ ಮೊಮ್ಮಗ ತಾನೇ ಬರೆದ ಕುದುರೆ ಗಾಡಿಯ ಪಾಠವನ್ನು ಪೂರ್ತಿ ಓದಿದ. ನಾಲ್ಕು ಕಡೆ ತಡವರಿಸಿದ. ಆಕೆಯೂ ಕಾದರು. ಆ ಸಂಜೆಯ ಅವನ ಚೀಟಿ: "ನನ್ನ ಮಾತನ್ನು ನಾನೇ ಮುಗಿಸಿದೆ."

ಜೂನ್ ಮೊದಲ ವಾರ ನಾನು ಊರಿಗೆ ಮರಳಿದೆ. 50ನೆಯ ದಿನ ಫೋನ್ ಬಂತು. ಬೇರೆ ರಾಜ್ಯದ ಕಂಪನಿಯೊಂದು ಅರ್ಜಿ ಹಾಕಿತ್ತು. ಸಂಬಳ ಮೊದಲಿಗಿಂತ ಕಡಿಮೆ, ಊರು ಬಿಡಬೇಕು, ವಾರದ ಗೆಳೆಯರನ್ನು ಬಿಡಬೇಕು, ಹೊಸ ರಾಜ್ಯದ ಕಾನೂನು ಹೊಸದಾಗಿ ಓದಬೇಕು. ಆದರೂ ನಾನು ಅಡಿಗೆಮನೆಯಲ್ಲೇ ನಿಂತು ದೇವರಿಗೆ ಸ್ತೋತ್ರ ಹೇಳಿದೆ. ಯೇಸುವಿನಿಂದ ವಾಸಿಯಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ಮರಳಿ ಬಂದು ವಂದಿಸಿದನಲ್ಲ, ಅವನ ಜೊತೆಗೆ ನಿಲ್ಲಬೇಕೆಂಬ ಆಸೆ. ಆದರೆ ಮಗಳ ಮನೆಯವರು ವಾಸಿಯಾಗುವ ಮುಂಚೆಯೇ, 49 ಸಂಜೆ ಬಿಡದೆ ವಂದಿಸಿದ್ದರು. ಕೆಲಸ ಸಿಗದಿದ್ದರೂ ಆ ಬಾಟಲಿ ತುಂಬಿಯೇ ಇರುತ್ತಿತ್ತು. ವಿಶ್ವಾಸ ಎಂದರೆ ಇದೇ ಇರಬೇಕು.

ಹಾಗಾದರೆ ಎಲ್ಲರೂ ಮಕ್ಕಳನ್ನು ಶಾಲೆ ಬಿಡಿಸಬೇಕೇ ಎಂದು ನೀವು ಕೇಳಬಹುದು. ನನ್ನ ಉತ್ತರ ಖಂಡಿತ ಬೇಡ ಎಂಬುದೇ. ಊಟದ ಮೇಜೂ ಇಲ್ಲದ, ಊಟವೂ ಸರಿಯಾಗಿ ಇಲ್ಲದ ಮನೆಗಳ ಮಕ್ಕಳಿಗೆ ಬಿಸಿಯೂಟದ ಶಾಲೆಯೇ ತಾಯಿ. ಹಂಚಿನ ಕಾರ್ಖಾನೆಯ ಕೂಲಿಯ ಮೊಮ್ಮಗಳಾದ ನನ್ನನ್ನು ಬಿ.ಎ., ಬಿ.ಎಡ್. ಮಾಡಿಸಿದ್ದೂ ಅಂಥ ಶಾಲೆಯೇ. ಒಂದೇ ಬೆಂಚಿನಲ್ಲಿ ಎಲ್ಲ ಜಾತಿ ಮತದ ಮಕ್ಕಳು ತೋಳಿಗೆ ತೋಳು ತಾಗಿಸಿ ಕೂರುವುದನ್ನು ಯಾವ ಮನೆಯೂ ಕಲಿಸಲಾರದು. ಮಗಳಿಗೂ ಇದನ್ನೇ ಹೇಳಿದೆ. "ನಾನು ಊರಿಗೆಲ್ಲ ಹೇಳುತ್ತಿಲ್ಲ ಅಮ್ಮಾ, ನನ್ನ ಇಬ್ಬರ ಮಟ್ಟಿಗೆ ಹೇಳುತ್ತಿದ್ದೇನೆ" ಅಂದಳು. ಅದೂ ಸರಿಯೇ.

ಮಕ್ಕಳು ಹಗಲು ಎಲ್ಲೇ ಕಲಿಯಲಿ, ಸಂಜೆ ಮನೆಗೆ ಬಂದೇ ಬರುತ್ತಾರೆ. ತೊದಲುವ ಮಾತು ಮುಗಿಯುವ ತನಕ ಕಾಯುವುದಕ್ಕೆ, ಮಲಗುವ ಮುಂಚೆ ಇವತ್ತಿನ ಒಂದು ಒಳ್ಳೆಯದನ್ನು ನೆನೆಯುವುದಕ್ಕೆ ಯಾವ ಸರಕಾರದ ಅನುಮತಿಯೂ ಬೇಡ. ನಿಮ್ಮ ದೇವರಿಗೆ ನೀವು ಯಾವ ಹೆಸರಿಟ್ಟು ಕರೆದರೂ ಸರಿ. ಖಾಲಿ ಉಪ್ಪಿನಕಾಯಿ ಬಾಟಲಿ ಯಾರ ಮನೆಯಲ್ಲಿ ತಾನೇ ಇಲ್ಲ?