ಪ್ಯಾರಿಸ್ ಗ್ಯಾಲರಿ ಪಕ್ಷ ಬದಲಿಸಿದ ಭಾನುವಾರ

2009ರ ಮೇ 31. ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ಭಾನುವಾರ. ಫಿಲಿಪ್ ಶಾಟ್ರಿಯೇ ಅಂಕಣದ ಮೆಟ್ಟಿಲು ಹತ್ತಿ ನಿಮ್ಮ ಸೀಟು ಹುಡುಕಿಕೊಂಡು ಕುಳಿತಿದ್ದೀರಿ. ಮೇಲೆ ಚಾವಣಿ ಇಲ್ಲ. ಅದು ಬರಲು ಇನ್ನೂ ಹನ್ನೊಂದು ವರ್ಷ ಬೇಕು. ಸುತ್ತ ಸುಮಾರು 15 ಸಾವಿರ ಜನ, ಒಣಹುಲ್ಲಿನ ಬಣ್ಣದ ಟೋಪಿಗಳ ಸಾಲು ಸಾಲು. ಕೆಳಗೆ ಇಟ್ಟಿಗೆ ಪುಡಿಯ ಕೆಂಪು ಅಂಕಣ. ಈ ಕೆಂಪು ಪುಡಿಯ ಪದರ ಒಂದೆರಡು ಮಿಲಿಮೀಟರ್ ದಪ್ಪವಷ್ಟೇ. ಅದರಡಿ ಇರುವುದು ಬಿಳಿ ಸುಣ್ಣಕಲ್ಲಿನ ಪುಡಿ.

ಹದಿನಾರರ ಘಟ್ಟದ ಪಂದ್ಯ. ನಿಜ ಹೇಳಬೇಕೆಂದರೆ ಯಾರೂ ಇಲ್ಲಿ ಪಂದ್ಯ ನೋಡಲು ಬಂದಿಲ್ಲ, ರಫೇಲ್ ನಡಾಲ್‌ನನ್ನು ನೋಡಲು ಬಂದಿದ್ದಾರೆ. ಇಲ್ಲಿ ಅವನು ಆಡಿದ್ದು 31 ಪಂದ್ಯ, ಗೆದ್ದದ್ದೂ 31. 2005ರಿಂದ ನಾಲ್ಕು ಸಲ ಸತತ ಚಾಂಪಿಯನ್. ಐದನೆಯದನ್ನೂ ಗೆದ್ದರೆ ಸ್ವೀಡನ್ನಿನ ಬ್ಯೋನ್ ಬೋರ್ಗ್ ಸತತ ನಾಲ್ಕು ಗೆದ್ದ ದಾಖಲೆ ಮುರಿಯುತ್ತದೆ. ಹಿಂದಿನ ಸುತ್ತಿನಲ್ಲಿ ಲೇಟನ್ ಹ್ಯೂಯಿಟ್‌ನಂಥವನನ್ನು 6-1, 6-3, 6-1ರಿಂದ ಕಳಿಸಿದ್ದಾನೆ. ಇಂದಿನ ಎದುರಾಳಿಯೂ ಸ್ವೀಡನ್ನಿನವನೇ: ರಾಬಿನ್ ಸೋಡರ್ಲಿಂಗ್, 23ನೇ ಶ್ರೇಯಾಂಕ. ಯಾವ ಗ್ರ್ಯಾನ್‌ಸ್ಲಾಮ್‌ನಲ್ಲೂ ಈವರೆಗೆ ಮೂರನೇ ಸುತ್ತು ದಾಟಿದವನಲ್ಲ. ಒಂದು ತಿಂಗಳ ಹಿಂದೆ ರೋಮ್‌ನಲ್ಲಿ ಇದೇ ನಡಾಲ್ ಕೈಯಲ್ಲಿ 6-1, 6-0 ಅಂತರದಲ್ಲಿ ಸೋತಿದ್ದಾನೆ. ಇಂಥ ಲೆಕ್ಕ ಇಟ್ಟುಕೊಂಡು ಬಂದವರು ಎರಡು ಸೆಟ್ ನೋಡಿ ಬೇರೆ ಅಂಕಣಕ್ಕೆ ಎದ್ದುಹೋಗುವ ಯೋಚನೆ ಮಾಡಿದರೆ ತಪ್ಪೇನೂ ಅಲ್ಲ.

ಗುಲಾಬಿ ಅಂಗಿಯ ನಡಾಲ್ ತನ್ನ ಎರಡು ಬಾಟಲಿಗಳನ್ನು ಕುರ್ಚಿಯ ಮುಂದೆ ನಿಲ್ಲಿಸುತ್ತಾನೆ, ಅವುಗಳ ಲೇಬಲ್ ಅಂಕಣದತ್ತ ತಿರುಗಿದೆಯೇ ಎಂದು ನೋಡುತ್ತಾನೆ. ಬಿಳಿ ಗೆರೆ ತುಳಿಯದಂತೆ ಹೆಜ್ಜೆ ಹಾಕುತ್ತಾನೆ. ಸರ್ವ್‌ಗೆ ಮೊದಲು ಚಡ್ಡಿಯ ಹಿಂಭಾಗ ಎಳೆದುಕೊಳ್ಳುತ್ತಾನೆ, ಮೂಗು ಮುಟ್ಟುತ್ತಾನೆ, ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾನೆ. ಗ್ಯಾಲರಿಗೆ ಇದೆಲ್ಲ ಬಾಯಿಪಾಠ. ಎರಡು ವರ್ಷದ ಹಿಂದೆ ವಿಂಬಲ್ಡನ್‌ನಲ್ಲಿ, ಮಳೆಯಿಂದಾಗಿ ಐದು ದಿನ ಎಳೆದಾಡಿದ ಪಂದ್ಯವೊಂದರಲ್ಲಿ, ಈ ಚಡ್ಡಿ ಎಳೆಯುವುದನ್ನು ಸೋಡರ್ಲಿಂಗ್ ಅಣಕಿಸಿ ತೋರಿಸಿದ್ದ. ನಡಾಲ್ ಅದನ್ನು ನಗುತ್ತ ತೆಗೆದುಕೊಳ್ಳಲಿಲ್ಲ. ಇಬ್ಬರ ನಡುವೆ ಅಂದಿನಿಂದ ಅಷ್ಟಕ್ಕಷ್ಟೇ.

ಪಂದ್ಯ ಶುರುವಾಗುತ್ತದೆ. ಮೊದಲ ಕೆಲವು ಗೇಮ್‌ಗಳಲ್ಲೇ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನೆಂದು ಹೇಳಲು ಆಗುವುದಿಲ್ಲ. ನಡಾಲ್ ಎಂದಿನಂತೆಯೇ ಎಡಗೈ ಫೋರ್‌ಹ್ಯಾಂಡ್ ಬೀಸುತ್ತಿದ್ದಾನೆ. ಚೆಂಡು ತಿರುತಿರುಗಿ ಬಂದು, ಮಣ್ಣು ಕಚ್ಚಿ, ಚಿಮ್ಮುತ್ತಿದೆ. ರೋಜರ್ ಫೆಡರರ್‌ನನ್ನು ವರ್ಷಗಟ್ಟಲೆ ಕಾಡಿದ್ದು ಈ ಚಿಮ್ಮುವಿಕೆಯೇ. ಒಂಟಿ ಕೈಯ ಬ್ಯಾಕ್‌ಹ್ಯಾಂಡ್‌ನವನಿಗೆ ಭುಜಕ್ಕಿಂತ ಮೇಲೆದ್ದ ಚೆಂಡನ್ನು ಬಲವಾಗಿ ಹೊಡೆಯುವುದು ಕಷ್ಟ. ಸೋಡರ್ಲಿಂಗ್ ಎತ್ತರ ಮಾತ್ರ ಆರು ಅಡಿ ನಾಲ್ಕು ಅಂಗುಲ, ಬ್ಯಾಕ್‌ಹ್ಯಾಂಡ್‌ಗೆ ಎರಡೂ ಕೈ. ಉಳಿದವರ ಭುಜದ ಮಟ್ಟಕ್ಕೆ ಬರುವ ಚೆಂಡು ಇವನ ಎದೆಗೆ ಬರುತ್ತಿದೆ, ಹೊಡೆಯಲು ಹೇಳಿ ಮಾಡಿಸಿದ ಎತ್ತರ. ಇವನೂ ಹಿಂದೆ ಸರಿಯದೆ, ಅಂಕಣದ ಒಳಗೇ ನಿಂತು, ಚಪ್ಪಟೆಯಾಗಿ, ನೇರವಾಗಿ ಬಾರಿಸುತ್ತಿದ್ದಾನೆ. ಇಲ್ಲಿ ನಡಾಲ್‌ಗೆ ಹೆದರಿ ಹಿಂದೆ ಹಿಂದೆ ಹೋದವರ ಸಾಲು ದೊಡ್ಡದು. ಇವನ ಕೋಚ್ ಮ್ಯಾಗ್ನಸ್ ನಾರ್ಮನ್ 2000ದಲ್ಲಿ ಇದೇ ಅಂಕಣದಲ್ಲಿ ಫೈನಲ್ ಆಡಿದವನು, ಈ ಮಣ್ಣಿನ ಸ್ವಭಾವ ಬಲ್ಲವನು.

ಮೊದಲ ಸೆಟ್ ಸೋಡರ್ಲಿಂಗ್‌ಗೆ, 6-2.

ಗ್ಯಾಲರಿಯಿಂದ ಬರುವುದು ಚಪ್ಪಾಳೆಗಿಂತ ಹೆಚ್ಚಾಗಿ ಗುಸುಗುಸು. ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ನಡಾಲ್ ಸತತ 32 ಸೆಟ್ ಗೆದ್ದಿದ್ದ. 2007ರ ಫೈನಲ್‌ನಲ್ಲಿ ಫೆಡರರ್ ಒಂದು ಸೆಟ್ ಕಸಿದುಕೊಂಡ ಮೇಲೆ ಇಲ್ಲಿ ಅವನು ಸೆಟ್ ಕಳೆದುಕೊಂಡದ್ದೇ ಇಲ್ಲ. ಜನ ಸ್ಕೋರ್‌ಬೋರ್ಡ್ ಕಡೆ ಒಮ್ಮೆ, ಪಕ್ಕದವರ ಕಡೆ ಒಮ್ಮೆ ನೋಡುತ್ತಾರೆ. ಯಾರ ಮುಖದಲ್ಲೂ ಗಾಬರಿ ಇಲ್ಲ. ದೊಡ್ಡ ಆಟಗಾರ ಒಂದು ಸೆಟ್ ಬಿಟ್ಟುಕೊಟ್ಟರೆ ಟಿಕೆಟ್ ಕೊಂಡವರಿಗೆ ಲಾಭವೇ, ಆಟ ಇನ್ನಷ್ಟು ಹೊತ್ತು ನಡೆಯುತ್ತದೆ.

ಎರಡನೇ ಸೆಟ್ ಟೈಬ್ರೇಕ್‌ಗೆ ಹೋಗುತ್ತದೆ, ನಡಾಲ್ 7-2ರಿಂದ ಮುಗಿಸುತ್ತಾನೆ. ಮುಷ್ಟಿ ಬಿಗಿದು ಮೇಲೆ ಹಾರುತ್ತಾನೆ. ಸ್ಪೇನ್ ಬಾವುಟ ಹಿಡಿದವರು ಉಸಿರು ಬಿಡುತ್ತಾರೆ. ಸರಿ, ಇನ್ನು ಮಾಮೂಲಿ ಕತೆ. ಸಾಲುಗಳಲ್ಲಿ ಒಂದಿಷ್ಟು ಜನ ಕಾಫಿಗೆ ಎದ್ದು ಹೋಗುತ್ತಾರೆ.

ಮೂರನೇ ಸೆಟ್‌ನಲ್ಲಿ ಆ ಮಾಮೂಲಿ ಕತೆ ಬರುವುದೇ ಇಲ್ಲ. ಸೋಡರ್ಲಿಂಗ್ ಕುಸಿಯಬೇಕಿತ್ತು, ಕುಸಿಯುತ್ತಿಲ್ಲ. ತಪ್ಪು ಮಾಡುತ್ತಾನೆ, ಬೇಕಾದಷ್ಟು ಮಾಡುತ್ತಾನೆ, ಆದರೆ ಮುಂದಿನ ಚೆಂಡನ್ನು ಇನ್ನೂ ಜೋರಾಗಿ ಹೊಡೆಯುತ್ತಾನೆ. ನೆಟ್ ಬಳಿಗೂ ನುಗ್ಗುತ್ತಾನೆ. ಗೆರೆಯ ಪಕ್ಕ ಬಿದ್ದ ಚೆಂಡೊಂದಕ್ಕೆ ತಕರಾರು ಎದ್ದರೆ ಅಂಪೈರ್ ಏಣಿ ಇಳಿದು ಬಂದು ಮಣ್ಣಿನಲ್ಲಿ ಮೂಡಿದ ಗುರುತು ನೋಡಬೇಕು; ಇಲ್ಲಿ ಕ್ಯಾಮೆರಾದ ತೀರ್ಪು ಇಲ್ಲ. ಆಗೆಲ್ಲ ಗ್ಯಾಲರಿಯೂ ಬಗ್ಗಿ ನೋಡುತ್ತದೆ, ಅಷ್ಟು ದೂರದಿಂದ ಏನೂ ಕಾಣದಿದ್ದರೂ. ಸೆಟ್ 6-4, ಸೋಡರ್ಲಿಂಗ್‌ಗೆ.

ಈಗ ಸದ್ದು ಬದಲಾಗಿದೆ. ಯಾವ ಗೇಮ್‌ನಲ್ಲಿ ಬದಲಾಯಿತು ಎಂದು ಹಿಡಿದು ಹೇಳಲಾಗದು. ಆದರೆ ಸೋಡರ್ಲಿಂಗ್ ವಿನ್ನರ್ ಹೊಡೆದಾಗ ಏಳುತ್ತಿರುವ ಕೂಗು ಸೌಜನ್ಯದ್ದಲ್ಲ. 'ಅಲೇ!' ಎಂಬ ಹುರಿದುಂಬಿಕೆ ಅವನ ಕಡೆಗೆ ತಿರುಗಿದೆ. ನಡಾಲ್ ಚೆಂಡು ಹೊರಗೆ ಹೋದಾಗಲೂ ಚಪ್ಪಾಳೆ ಬೀಳುತ್ತಿದೆ. ಎದುರಾಳಿಯ ತಪ್ಪಿಗೆ ಚಪ್ಪಾಳೆ ತಟ್ಟುವುದು ಟೆನಿಸ್‌ನಲ್ಲಿ ಮರ್ಯಾದೆಯಲ್ಲ, ಇಲ್ಲಿ ಕುಳಿತವರಿಗೆಲ್ಲ ಅದು ಗೊತ್ತು. ಗೊತ್ತಿದ್ದೂ ತಟ್ಟುತ್ತಿದ್ದಾರೆ.

ನಮ್ಮ ಜಾತ್ರೆಯ ಕುಸ್ತಿ ಕಣದಲ್ಲಿ ಇಂಥದ್ದನ್ನು ಕಂಡಿರುತ್ತೀರಿ. ವರ್ಷ ವರ್ಷ ಬೆಳ್ಳಿ ಗದೆ ಹೊತ್ತುಕೊಂಡು ಹೋಗುವ ಪೈಲ್ವಾನನನ್ನು ಹೆಸರೇ ಕೇಳಿರದ ಹುಡುಗನೊಬ್ಬ ಎತ್ತಿ ಹಿಡಿದ ಗಳಿಗೆ, ಅಲ್ಲಿಯವರೆಗೆ ಪೈಲ್ವಾನನಿಗೆ ಜೈ ಅಂದವರೇ ಶಿಳ್ಳೆ ಹೊಡೆಯುತ್ತಾರೆ. ಪೈಲ್ವಾನನ ಮೇಲೆ ಅವರಿಗೆ ಸಿಟ್ಟೇನೂ ಇರುವುದಿಲ್ಲ. ನೋಡಲು ಸಾಧ್ಯವೇ ಇಲ್ಲ ಎಂದುಕೊಂಡದ್ದನ್ನು ನೋಡುವ ಆಸೆ ಅದು.

ಪ್ಯಾರಿಸ್‌ನಲ್ಲಿ ಇದರ ಜೊತೆಗೆ ಇನ್ನೊಂದು ಕಾರಣವೂ ಇದೆ, ಅದರ ಹೆಸರು ಫೆಡರರ್. ಈ ನಗರಕ್ಕೆ ಅವನ ಮೇಲೆ ವಿಪರೀತ ಪ್ರೀತಿ. ಅವನಿಗೆ ಸಿಗದೆ ಉಳಿದ ಏಕೈಕ ಗ್ರ್ಯಾನ್‌ಸ್ಲಾಮ್ ಇದು. 2006, 2007, 2008ರ ಮೂರೂ ಫೈನಲ್‌ಗಳಲ್ಲಿ ಅಡ್ಡ ನಿಂತವನು ನಡಾಲ್. ಕಳೆದ ವರ್ಷದ ಫೈನಲ್ 6-1, 6-3, 6-0. ಕೊನೆಯ ಸೆಟ್‌ನಲ್ಲಿ ಫೆಡರರ್‌ಗೆ ಒಂದು ಗೇಮ್ ಕೂಡ ದಕ್ಕದಿದ್ದದ್ದನ್ನು ಈ ಗ್ಯಾಲರಿ ಕಣ್ಣಾರೆ ಕಂಡಿದೆ. ಇಂದು ಸೋಡರ್ಲಿಂಗ್‌ಗೆ ಬೀಳುತ್ತಿರುವ ಚಪ್ಪಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಫೆಡರರ್ ಖಾತೆಗೆ ಸೇರಬೇಕಾದದ್ದು. ಈ ಗ್ಯಾಲರಿಯ ಒರಟುತನವೂ ಹೊಸದಲ್ಲ. 1999ರ ಮಹಿಳೆಯರ ಫೈನಲ್‌ನಲ್ಲಿ ಸ್ಟೆಫಿ ಗ್ರಾಫ್ ಪರ ನಿಂತು, ಹದಿನೆಂಟರ ಹುಡುಗಿ ಮಾರ್ಟಿನಾ ಹಿಂಗಿಸ್‌ಗೆ ಛೀಮಾರಿ ಹಾಕಿ ಅಳಿಸಿ ಕಳಿಸಿದ ಗ್ಯಾಲರಿ ಇದು.

ನಾಲ್ಕನೇ ಸೆಟ್. ನಡಾಲ್ ಓಡುತ್ತಿದ್ದಾನೆ, ಎಂದಿನ ಹಾಗೆ ಯಾವ ಚೆಂಡನ್ನೂ ಬಿಟ್ಟುಕೊಡದೆ. ಆದರೆ ಅವನ ಚೆಂಡು ಅಂಕಣದ ನಡುವೆಯೇ ಬೀಳುತ್ತಿದೆ, ಕೊನೆಯ ಗೆರೆ ಮುಟ್ಟುತ್ತಿಲ್ಲ. ನಡುವೆ ಬಿದ್ದದ್ದನ್ನು ಸೋಡರ್ಲಿಂಗ್ ಮುಂದೆ ಬಂದು ಮೂಲೆಗೆ ಅಟ್ಟುತ್ತಿದ್ದಾನೆ. ಒಂದು ಸುತ್ತು ಕಣ್ಣಾಡಿಸಿ: ಕಾಫಿಗೆ ಎದ್ದವರೆಲ್ಲ ವಾಪಸು ಬಂದಿದ್ದಾರೆ. ಸೀಟು ಸಿಗದವರು ಮೆಟ್ಟಿಲ ಬಾಯಲ್ಲಿ ನಿಂತಿದ್ದಾರೆ. ಆಟಗಾರರ ಬಾಕ್ಸ್‌ನಲ್ಲಿ ನಡಾಲ್‌ನ ಚಿಕ್ಕಪ್ಪ ಮತ್ತು ಕೋಚ್ ಟೋನಿ. ಅವರ ಮುಖವನ್ನು ಕ್ಯಾಮೆರಾ ಬಿಟ್ಟುಬಿಡುತ್ತಿಲ್ಲ.

6-6. ಮತ್ತೆ ಟೈಬ್ರೇಕ್. ಎರಡನೇ ಸೆಟ್‌ನ ನೆನಪು ಎಲ್ಲರಿಗೂ ಇದೆ. ಇಲ್ಲಿ ಸೋತರೆ ಐದನೇ ಸೆಟ್, ಐದನೇ ಸೆಟ್ ಎಂದರೆ ನಡಾಲ್. ಹಾಗೆ ಯೋಚಿಸುವಷ್ಟು ಬಿಡುವನ್ನೇ ಸೋಡರ್ಲಿಂಗ್ ಕೊಡುವುದಿಲ್ಲ. ಪಾಯಿಂಟ್ ಮೇಲೆ ಪಾಯಿಂಟ್. ಪ್ರತಿ ಪಾಯಿಂಟ್‌ಗೂ ಜನ ಎದ್ದು ನಿಲ್ಲುತ್ತಾರೆ, ಅಂಪೈರ್ ಫ್ರೆಂಚ್‌ನಲ್ಲಿ ಸದ್ದಡಗಿಸಲು ಕೋರುತ್ತಾರೆ, ಜನ ಕೂರುತ್ತಾರೆ, ಮತ್ತೆ ಏಳುತ್ತಾರೆ. ಮ್ಯಾಚ್ ಪಾಯಿಂಟ್. ನಡಾಲ್ ನೆಟ್‌ಗೆ ಬರುತ್ತಾನೆ, ವಾಲಿ ಆಡುತ್ತಾನೆ. ಚೆಂಡು ಪಕ್ಕದ ಗೆರೆಯಾಚೆ ಬೀಳುತ್ತದೆ.

6-2, 6-7, 6-4, 7-6. ಮೂರೂವರೆ ಗಂಟೆ.

ಮುಂದಿನ ಕೂಗನ್ನು ಎರಡು ಭಾಗ ಮಾಡಿ ಕೇಳಬಹುದು. ಮೊದಲನೆಯದು 'ಹೋ' ಎಂಬ ಉದ್ಗಾರ, ಕಂಡದ್ದನ್ನು ನಂಬಲಾರದ್ದು. ಅದರ ಬೆನ್ನಿಗೆ ಬರುವುದು ಹಬ್ಬದ ಗದ್ದಲ. ಕೈಕುಲುಕಿ ಮುಗಿಯುತ್ತಿದ್ದಂತೆ ನಡಾಲ್ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಾನೆ. ಇನ್ನು ಮೂರು ದಿನಕ್ಕೆ ಅವನಿಗೆ 23 ತುಂಬುತ್ತದೆ. ಹುಟ್ಟುಹಬ್ಬವನ್ನು ಪ್ರತಿವರ್ಷ ಈ ಟೂರ್ನಿಯಲ್ಲೇ ಆಚರಿಸಿಕೊಂಡವನು ಈ ಸಲ ಅದಕ್ಕೂ ಮೊದಲೇ ಊರಿಗೆ ಹೋಗಬೇಕು. ಸೋಡರ್ಲಿಂಗ್ 61 ವಿನ್ನರ್ ಹೊಡೆದಿದ್ದಾನೆ. ಇದು ಇನ್ನೊಂದು ಪಂದ್ಯ ಅಷ್ಟೇ ಎಂದು ಆಡುವಾಗೆಲ್ಲ ತನಗೆ ತಾನೇ ಹೇಳಿಕೊಂಡೆ ಎಂದು ಆಮೇಲೆ ಹೇಳುತ್ತಾನೆ.

ಹೊರಗೆ ಬನ್ನಿ. ಓಣಿಗಳಲ್ಲಿ ಜನ ಅಲ್ಲಲ್ಲೇ ಗುಂಪುಗೂಡಿದ್ದಾರೆ. ಬೇರೆ ಅಂಕಣಗಳಿಂದ ಬಂದವರು ಸ್ಕೋರ್ ಕೇಳಿ ಮತ್ತೊಮ್ಮೆ ಕೇಳುತ್ತಾರೆ. ನಿನ್ನೆಯಷ್ಟೇ ನೊವಾಕ್ ಜೊಕೊವಿಚ್ ಕೂಡ ಮೂರನೇ ಸುತ್ತಿನಲ್ಲಿ ಕೋಲ್‌ಶ್ರೈಬರ್‌ಗೆ ಸೋತಿದ್ದಾನೆ. ಹಾಗಾಗಿ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ದಾರಿ ಬಯಲಾಯಿತು, ಇನ್ನು ಫೆಡರರ್. ಗೆದ್ದವನ ಹೆಸರು ಆಗಲೇ ಹಿಂದೆ ಸರಿದಿದೆ.

ಪತ್ರಿಕಾಗೋಷ್ಠಿಯಲ್ಲಿ ನಡಾಲ್ ಸೋಲನ್ನೂ ಗೆಲುವಿನಷ್ಟೇ ಶಾಂತವಾಗಿ ಒಪ್ಪಿಕೊಳ್ಳಬೇಕು ಎನ್ನುತ್ತಾನೆ. ಜನ ತನ್ನ ಪರ ಇಲ್ಲದ್ದು ಬೇಸರ ತಂದಿತು ಎಂದೂ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಚಿಕ್ಕಪ್ಪ ಟೋನಿ ಅಷ್ಟು ನಯದವರಲ್ಲ, ಪ್ಯಾರಿಸ್ ಪ್ರೇಕ್ಷಕರನ್ನು ಮೂರ್ಖರೆಂದೇ ಕರೆಯುತ್ತಾರೆ. ಮೊಣಕಾಲು ನೋವು, ಮನೆಯಲ್ಲಿ ತಂದೆತಾಯಿ ಬೇರೆಯಾಗುತ್ತಿದ್ದ ಸಂಕಟ, ಇವನ್ನೆಲ್ಲ ನಡಾಲ್ ಬಾಯಿಬಿಟ್ಟದ್ದು ಆಮೇಲೆ. ಆ ವರ್ಷ ವಿಂಬಲ್ಡನ್‌ಗೂ ಅವನು ಬರಲಿಲ್ಲ. ಗ್ಯಾಲರಿಗೆ ಅಂದು ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಚಪ್ಪಾಳೆ ಕಡಿಮೆಯಾಗುತ್ತಿತ್ತೇ? ನನಗೆ ಅನುಮಾನವೇ.

ಮರುದಿನವೇ ಇದೇ ಜನಕ್ಕೆ ಎದೆ ಬಡಿದುಕೊಳ್ಳುವ ಸರದಿ. ಟಾಮಿ ಹಾಸ್ ಎದುರು ಫೆಡರರ್ ಮೊದಲ ಎರಡು ಸೆಟ್ ಕಳೆದುಕೊಂಡ. ಮೂರನೆಯದರಲ್ಲಿ 3-4 ಇದ್ದಾಗ ಸರ್ವ್ ಮುರಿಯುವ ಅಂಚಿನಲ್ಲಿ ಗೆರೆಯ ಬಳಿಗೆ ಹೊಡೆದ ಒಂದು ಫೋರ್‌ಹ್ಯಾಂಡ್ ಅವನನ್ನು ಉಳಿಸಿತು. ಐದು ಸೆಟ್‌ಗಳಲ್ಲಿ ಗೆದ್ದ. ಜೂನ್ 7ರ ಫೈನಲ್‌ನಲ್ಲಿ ಅವನ ಎದುರು ನಿಂತವನು ಬೇರಾರೂ ಅಲ್ಲ, ಸೋಡರ್ಲಿಂಗ್. ಏಳೇ ದಿನದ ಹಿಂದೆ ಈ ಸ್ವೀಡನ್ ಹುಡುಗನನ್ನು ಹೊತ್ತು ಮೆರೆಸಿದ ಗ್ಯಾಲರಿ ಅಂದು ಒಂದೇ ಗಂಟಲಲ್ಲಿ ಫೆಡರರ್‌ನದಾಗಿತ್ತು. 6-1, 7-6, 6-4. ಫೆಡರರ್‌ಗೆ ಕೊನೆಗೂ ಪ್ಯಾರಿಸ್ ಸಿಕ್ಕಿತು, ಪೀಟ್ ಸಾಂಪ್ರಾಸ್‌ನ 14 ಗ್ರ್ಯಾನ್‌ಸ್ಲಾಮ್ ಲೆಕ್ಕವೂ ಸಮವಾಯಿತು.

ನಡಾಲ್ ಮುಂದಿನ ವರ್ಷ ಮರಳಿ ಬಂದು ಗೆದ್ದ, ಅದೂ ಫೈನಲ್‌ನಲ್ಲಿ ಸೋಡರ್ಲಿಂಗ್‌ನನ್ನೇ ಸೋಲಿಸಿ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ: ಇಲ್ಲಿ ಒಟ್ಟು 14 ಪ್ರಶಸ್ತಿ, 112 ಗೆಲುವು, ನಾಲ್ಕೇ ಸೋಲು. 2021ರಲ್ಲಿ ರೋಲ್ಯಾಂಡ್ ಗ್ಯಾರೋಸ್ ಅವನ ಉಕ್ಕಿನ ಪ್ರತಿಮೆ ನಿಲ್ಲಿಸಿತು. 2025ರ ಮೇ 25ರಂದು ಅವನ ಬೀಳ್ಕೊಡುಗೆಗೆ ಅದೇ ಗ್ಯಾಲರಿ ಮಣ್ಣಿನ ಬಣ್ಣದ ಅಂಗಿ ತೊಟ್ಟು ಎದ್ದು ನಿಂತಿತು, ಫೆಡರರ್, ಜೊಕೊವಿಚ್, ಮರ್‍ರೆ ಮೂವರೂ ಬಂದಿದ್ದರು. ಪ್ಯಾರಿಸ್ ನಡಾಲ್ ಜೊತೆಗಿನ ತನ್ನ ಲೆಕ್ಕವನ್ನು ಹೀಗೆ ಚುಕ್ತಾ ಮಾಡಿಕೊಂಡಿತು. ಸೋಡರ್ಲಿಂಗ್ ಲೆಕ್ಕ ಮಾತ್ರ ಬಾಕಿ ಉಳಿದಿದೆ. ವಿಶ್ವದ ನಾಲ್ಕನೇ ರ್‍ಯಾಂಕಿಗೆ ಏರಿದವನು, 2010ರಲ್ಲಿ ಇದೇ ಪ್ಯಾರಿಸ್‌ನಲ್ಲಿ ಫೆಡರರ್‌ನನ್ನೂ ಸೋಲಿಸಿದವನು, 2011ರ ಜುಲೈನಲ್ಲಿ ತನ್ನ ದೇಶದ ಬೊಸ್ಟಾದ್‌ನಲ್ಲಿ ಪ್ರಶಸ್ತಿ ಗೆದ್ದ ಮೇಲೆ ಗ್ರಂಥಿ ಜ್ವರದ ದೆಸೆಯಿಂದ ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ. ಆಗ ಅವನಿಗೆ 27 ಕೂಡ ತುಂಬಿರಲಿಲ್ಲ.

ಆ ಭಾನುವಾರದ ಪಂದ್ಯದ ತುಣುಕುಗಳು ಇಂದಿಗೂ ನೋಡಲು ಸಿಗುತ್ತವೆ. ಟೆನಿಸ್ ಪ್ರೀತಿಸುವವರು ಬಿಡುವಾದಾಗ ಹುಡುಕಿ ನೋಡಿ. ಎಲ್ಲರೂ ಸೋತವನನ್ನೇ ನೋಡುತ್ತಾರೆ. ನೀವು ಒಮ್ಮೆ ಗೆದ್ದವನನ್ನೂ ನೋಡಿ.