ಹಿರಿಯೂರು ಬಯಲಿನ ಅಪ್ಪ

ಚಿತ್ರದುರ್ಗದ ಕೋಟೆ ಹತ್ತಿದವರು ಹಿಡಿಂಬೇಶ್ವರನ ಗುಡಿ ನೋಡದೆ ಇಳಿಯುವುದು ಕಡಿಮೆ. ಅಲ್ಲಿ ಹಿಡಿಂಬಾಸುರನದೆಂದು ಒಂದು ಭಾರಿ ಹಲ್ಲು ತೋರಿಸುತ್ತಾರೆ. ಭೀಮ ಅವನನ್ನು ಕೊಂದದ್ದು ಈ ಗುಡ್ಡದಲ್ಲೇ, ತಂಗಿ ಹಿಡಿಂಬೆಯ ಕೈಹಿಡಿದದ್ದೂ ಇಲ್ಲೇ ಎಂಬುದು ದುರ್ಗದವರ ನಂಬಿಕೆ. ಮಗ ಹುಟ್ಟಿದ ಮೇಲೆ ಭೀಮ ಅಣ್ಣತಮ್ಮಂದಿರ ಜೊತೆ ಹೊರಟುಹೋದ. ಘಟೋತ್ಕಚ ತಾಯಿಯ ಹತ್ತಿರವೇ ಬೆಳೆದ. ಕರೆ ಬಂದಾಗ ಓಡಿಬಂದು ಅಪ್ಪನ ಯುದ್ಧದಲ್ಲಿ ಪ್ರಾಣ ಕೊಟ್ಟ. ಆ ಹಲ್ಲಿನ ಮುಂದೆ ನಿಂತರೆ ನನಗೆ ಹಿಡಿಂಬನಿಗಿಂತ ಆ ಮಗನದೇ ಯೋಚನೆ ಬರುತ್ತದೆ.

ಸಿಂಹವೂ ಹೆಚ್ಚುಕಡಿಮೆ ಇದೇ ಬಗೆಯ ಅಪ್ಪ. ಗುಜರಾತಿನ ಗಿರ್ ಕಾಡಿನಲ್ಲಿ ಗಂಡುಗಳ ಗುಂಪು ಬೇರೆ, ಹೆಣ್ಣು ಮತ್ತು ಮರಿಗಳ ಗುಂಪು ಬೇರೆ. ಬೆದೆಯ ಕಾಲಕ್ಕೋ ದೊಡ್ಡ ಬೇಟೆ ಬಿದ್ದಾಗಲೋ ಭೇಟಿ. ಮರಿ ಬಾಲ ಕಚ್ಚಿದರೆ ಗಂಡು ಸಹಿಸಿಕೊಂಡೀತು, ಆದರೆ ಊಟ ತಂದು ಉಣಿಸುವ ಅಭ್ಯಾಸ ಅದಕ್ಕಿಲ್ಲ. ಅದರ ಕೆಲಸ ಗಡಿ ಕಾಯುವುದು. ಇದು ಸಣ್ಣ ಕೆಲಸವೆಂದು ತಿಳಿಯಬೇಡಿ. ಅಪ್ಪ ಸೋತು ಹೊಸ ಗಂಡು ಬಂದರೆ ಹಾಲು ಕುಡಿಯುವ ಮರಿಗಳಿಗೆ ಉಳಿಗಾಲವಿಲ್ಲ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆಂದು ಅದು ಕೊಂದುಹಾಕುತ್ತದೆ. ಗಿರ್‌ನ ಹೆಣ್ಣುಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಸುತ್ತಮುತ್ತಲಿನ ಹಲವು ಗಂಡುಗಳ ಜೊತೆ ಕೂಡುತ್ತವೆ. ಮರಿ ಯಾರದೆಂದು ಗೊತ್ತಾಗದೆ ಎಲ್ಲವೂ ಸುಮ್ಮನಿರುತ್ತವೆ. ಸ್ತೋತ್ರ ಚಕ್ರಬರ್ತಿ ಮತ್ತು ವೈ.ವಿ. ಝಾಲಾ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿವರಿಸುತ್ತದೆ.

ಕೇಸರವಿರುವ ಅಪ್ಪನ ಕಥೆ ಇಷ್ಟು. ಕೇಸರವಿಲ್ಲದ, ಇಪ್ಪತ್ತು ಕಿಲೋ ಆಸುಪಾಸು ತೂಗುವ ಇನ್ನೊಬ್ಬ ಅಪ್ಪನನ್ನು ನೋಡಲು ನಾನು ಹೋದದ್ದು ಹಿರಿಯೂರು ಸೀಮೆಗೆ.

ದುರ್ಗದಿಂದ ಹೆದ್ದಾರಿ ಹಿಡಿದು ನಲವತ್ತು ಕಿ.ಮೀ. ಬಂದರೆ ಹಿರಿಯೂರು. ಮಳೆ ಎಷ್ಟು ಜಿಪುಣ ಎಂಬುದಕ್ಕೆ ಮಾರಿಕಣಿವೆಯ ಅಣೆಕಟ್ಟೆಯೇ ಸಾಕ್ಷಿ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಹರಿದದ್ದು 89 ವರ್ಷದ ಮೇಲೆ, 2022ರಲ್ಲಿ. ನೀರಿಲ್ಲದ ಕಡೆ ಜನ ಕುರಿ ನಂಬಿದರು. ಜಾಲಿ, ಕಾರೆ, ಕಮರ, ಬಾದೆ ಹುಲ್ಲಿನ ಈ ಬಯಲಲ್ಲಿ ಗೊಲ್ಲರ ಹಟ್ಟಿಗಳು ಬೆಳೆದವು. ಕುರಿ ಇದ್ದಲ್ಲಿ ತೋಳವೂ ಉಳಿಯಿತು.

ಸಂಕ್ರಾಂತಿ ಕಳೆದಿತ್ತು. ಜೊತೆಗಿದ್ದವರು ಹಟ್ಟಿಯೊಂದರ ಕುರಿಗಾಹಿ ಅಜ್ಜ. ಅವರ ಮಂದೆಯನ್ನು ಯಾರದೋ ಹೊಲದಲ್ಲಿ ತರುಬಿದ್ದರು. ಕತ್ತಲಿರುವಾಗಲೇ ಎದ್ದು, ಗಾಳಿ ನಮ್ಮ ಮುಖಕ್ಕೆ ಬೀಸುವ ಕಡೆಯಿಂದ ಹೋಗಿ, ಒಂದು ದಿಬ್ಬದ ಮೇಲೆ ಬೋರಲು ಮಲಗಿದೆವು. ಜಾಗ ಯಾವುದೆಂದು ಹೇಳಲಾರೆ. ಬಹಳ ದೂರದಲ್ಲಿ ಎರಡು ಬಂಡೆ, ನಡುವೆ ಕಾರೆಪೊದೆ, ಬುಡದಲ್ಲಿ ಹೊಸ ಮಣ್ಣು ಕೆದರಿದ ಗುರುತು. ದುರ್ಬೀನಿನಲ್ಲೂ ಮೊದಲು ಏನೂ ಕಾಣಲಿಲ್ಲ.

ಬೆಳಕು ಹರಿದ ಮೇಲೆ ಶೇಂಗಾ ಕಿತ್ತ ಹೊಲದ ಬದುವಿನಗುಂಟ ಅದು ಬಂತು. ಬಯಲಿನ ಮಣ್ಣಿನದೇ ಬಣ್ಣ, ಉದ್ದ ಕಾಲು, ತಗ್ಗಿಸಿದ ತಲೆ. ಬಾಯಲ್ಲಿ ಏನೂ ಇರಲಿಲ್ಲ. ಪಾಪ, ಬರಿಗೈಯಲ್ಲಿ ಬಂತಲ್ಲ ಎಂದುಕೊಂಡೆ. ಅಜ್ಜ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು: "ಅದು ಗಂಡು, ಸ್ವಾಮಿ. ಹೆಣ್ಣು ಒಳಗೈತೆ. ಇದರ ಹೊಟ್ಟೆ ನೋಡ್ರಿ."

ಹೊಟ್ಟೆ ತುಂಬಿ ಕೆಳಗೆ ಜೋತಿತ್ತು. ಪೊದೆಯಿಂದ ನಾಲ್ಕು ಮರಿ ತೊದಲುಗಾಲಲ್ಲಿ ಓಡಿಬಂದವು. ಕಪ್ಪುಗಂದು ಮೈ, ಮೊಂಡು ಮೂತಿ. ಒಂದು ಎರಡು ಸಲ ಮುಗ್ಗರಿಸಿತು. ಬಂದದ್ದೇ ಅಪ್ಪನ ಬಾಯಿಯ ಅಂಚು ನೆಕ್ಕಿ, ಮೂತಿಯಿಂದ ತಿವಿದು ಪೀಡಿಸತೊಡಗಿದವು. ಗಂಡು ಹಿಂದೆ ಸರಿಯಿತು, ಬೆನ್ನು ಬಾಗಿಸಿತು, ಪಕ್ಕೆ ಎರಡು ಸಲ ಒಳಸೇದಿತು. ನುಂಗಿ ತಂದಿದ್ದ ಮಾಂಸವನ್ನೆಲ್ಲ ನೆಲಕ್ಕೆ ಕಕ್ಕಿತು. ಮರಿಗಳು ಅದರ ಮೇಲೇ ಬಿದ್ದವು. ಕಕ್ಕಿದ್ದನ್ನು ತಿನ್ನುವುದೆಂದರೆ ನಮಗೆ ಅಸಹ್ಯ. ಆ ಬೆಳಗು ನನಗೆ ಕಣ್ಣು ಕೀಳಲಾಗಲಿಲ್ಲ.

ಹುಟ್ಟಿದ ಮರಿಗಳಿಗೆ ಕಣ್ಣು ತೆರೆದಿರುವುದಿಲ್ಲ, ಮೈ ಬಿಸಿ ಕಾಪಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಹಾಗಾಗಿ ಮೊದಲ ಮೂರು ವಾರ ತಾಯಿ ಗುದ್ದು ಬಿಟ್ಟು ದೂರ ಹೋಗುವಂತಿಲ್ಲ. ಬಾಣಂತಿಯ ಊಟ, ಆಮೇಲೆ ಮರಿಗಳ ಊಟ, ಎರಡೂ ಗಂಡಿನ ಹೊಣೆ. ಮೊಲ, ಇಲಿ, ಸಿಕ್ಕರೆ ಕುರಿಮರಿ. ಮೈಲಿಗಟ್ಟಲೆ ದಾರಿಯಲ್ಲಿ ಬಾಯಲ್ಲಿ ಕಚ್ಚಿ ತಂದರೆ ನಾಯಿ, ಹದ್ದು ಕಿತ್ತುಕೊಳ್ಳಬಹುದು. ಹೊಟ್ಟೆಯ ಬುತ್ತಿಗೆ ಆ ಭಯವಿಲ್ಲ. ಹಿಂದಿನ ವರ್ಷದ ಮರಿಗಳು ಜೊತೆಗಿದ್ದರೆ ಅವೂ ತಮ್ಮ-ತಂಗಿಯರಿಗೆ ಹೀಗೇ ಉಣಿಸುತ್ತವೆ. ನೀವು ಮನೆಗೆ ಬಂದಾಗ ನಾಯಿಮರಿ ಹಾರಿ ನಿಮ್ಮ ಮುಖ ನೆಕ್ಕುವುದೂ ಇದೇ ಹಳೇ ಚಾಳಿ ಎನ್ನುತ್ತಾರೆ ಬಲ್ಲವರು.

"ನಿಮ್ಮ ಕುರಿಯನ್ನೂ ಒಯ್ದಿರಬೇಕಲ್ಲ ಅಜ್ಜ?" ಎಂದು ಕೇಳಿದೆ.

"ಒಯ್ದೈತೆ. ಹೋದ ಸಲ ಎರಡು ಮರಿ. ಬೈದೆ, ಓಡಿಸ್ದೆ. ಅದಕ್ಕೂ ಮಕ್ಳವೆ, ಏನ್ ಮಾಡ್ತೀರಿ?"

ಇದನ್ನು ಎಲ್ಲರೂ ಹೇಳುವುದಿಲ್ಲ. ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಗುದ್ದಿಗೆ ಹೊಗೆ ಹಾಕಿ ಮರಿಗಳನ್ನು ಮುಗಿಸಿದ ಕಥೆಗಳೂ ಈ ಸೀಮೆಯಲ್ಲಿ ಕೇಳಸಿಗುತ್ತವೆ. ಒಂದು ಕುರಿ ಎಂದರೆ ಬಡವನಿಗೆ ಸಾವಿರಾರು ರೂಪಾಯಿ; ಅವನ ಸಿಟ್ಟನ್ನು ಊರಲ್ಲಿ ಕೂತು ಅಳೆಯುವುದು ನನಗೆ ಸರಿ ಕಾಣದು.

ಮರುದಿನ ಆಡುಮಲ್ಲೇಶ್ವರದ ಮೇಲೆ ಜೋಗಿಮಟ್ಟಿಗೆ ಹೋದೆ. ಸಾಲುಸಾಲು ಗಾಳಿಯಂತ್ರ, ಕೆಳಗೆ ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳ ಹಸಿರು, ಹೊಸದುರ್ಗದ ಕಡೆ ದಾಳಿಂಬೆ, ತೆಂಗು. ಜೋಗಿಮಟ್ಟಿ ವನ್ಯಜೀವಿಧಾಮ, ಚಿರತೆ, ಕರಡಿಗೆ ಅಲ್ಲಿ ಆಸರೆಯುಂಟು. ತೋಳಕ್ಕೆ ಬೇಕಾದದ್ದು ಬಯಲು, ಕುರುಚಲು, ಗೋಮಾಳ. ಅವನ್ನು ನಮ್ಮ ದಾಖಲೆಗಳು ಪಾಳುಭೂಮಿ ಎಂದು ಬರೆದಿವೆ. ಮೇಲುಕೋಟೆಯಲ್ಲಿ 1974ರಿಂದ, ಈಚೆಗೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದು ಜಾಗ ಮೀಸಲಾಗಿದೆ. ದೇಶದಲ್ಲೆಲ್ಲ ಸೇರಿ ಉಳಿದಿರುವುದು ಎರಡು ಮೂರು ಸಾವಿರವೆಂಬ ಅಂದಾಜಿದೆ.

ಈ ದಾರಿಯಲ್ಲಿ ಬರುವವರಲ್ಲಿ ಒಂದು ವಿನಂತಿ. ಚಳಿಗಾಲದಲ್ಲಿ ಗುದ್ದು ಹುಡುಕಿಕೊಂಡು ಹೋಗಬೇಡಿ, ಡ್ರೋನ್ ಹಾರಿಸಬೇಡಿ. ಮನುಷ್ಯರ ವಾಸನೆ ಬಡಿದರೆ ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆ ಗುದ್ದಿಗೆ ಸಾಗಿಸಬೇಕಾಗುತ್ತದೆ, ಆ ಓಡಾಟದಲ್ಲಿ ಮರಿ ಸಾಯುವುದುಂಟು. ಕುರಿ ಕಳೆದುಕೊಂಡವರು ಕಂಡರೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗಿ. ಓದು ಬರಹ ಬಾರದ ಎಷ್ಟೋ ಕುರಿಗಾಹಿಗಳಿಗೆ ಆ ಅರ್ಜಿ ಬರೆದುಕೊಡುವವರೇ ಇಲ್ಲ.